ನ್ಯಾಯಸಭೆಯ ಲೇಖಕ

ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರಕ್ಕೆ ಬಂದು ಸೇರಿದ್ದ ಓಲೆಯ ಪ್ರತಿಯೊಂದನ್ನು ಆಧಾರವಾಗಿಟ್ಟುಕೊಂಡು ಪಂಡಿತ ಶಾಮಶಾಸ್ತ್ರಿಗಳು 1909ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಅಚ್ಚುಹಾಕಿಸಿದಾಗ, ವಿದ್ವಾಂಸರ ಲಕ್ಷ್ಯವೆಲ್ಲ ಸಹಜವಾಗಿಯೇ ಅದರ ರಾಜನೀತಿಯ ಕಡೆಗೂ ಗೂಢಚಾರರ ಕಡೆಗೂ ಸಂಧಿವಿಗ್ರಹಗಳ ಕಡೆಗೂ ಹರಿಯಿತು. ಆದರೆ ಅದೇ ಗ್ರಂಥದ ಕಂಟಕಶೋಧನವೆಂಬ ಅಧಿಕರಣದಲ್ಲಿ, ವಾದಿಪ್ರತಿವಾದಿಗಳನ್ನು ಗದರಿಸಿ ಬಾಯಿಮುಚ್ಚಿಸುವ ಧರ್ಮಸ್ಥನಿಗೆ ಆಗಬೇಕಾದ ದಂಡವನ್ನು ವಿಧಿಸಿದ ಮೇಲೆ, ಶಾಸ್ತ್ರಕಾರನು ಆ ಧರ್ಮಸ್ಥನ ಪಕ್ಕದಲ್ಲಿ ಕುಳಿತ ಸಣ್ಣ ಅಧಿಕಾರಿಯೊಬ್ಬನ ಕಡೆಗೂ ತಿರುಗಿ ನೋಡುತ್ತಾನೆ. ಆತನೇ ಲೇಖಕ. ನುಡಿದುದನ್ನು ಬರೆಯದೆ ಬಿಡುವುದು, ನುಡಿಯದುದನ್ನು ಬರೆಯುವುದು, ಕೆಟ್ಟದಾಗಿ ನುಡಿದುದನ್ನು ತಿದ್ದಿ ಚೆನ್ನಾಗಿ ಬರೆಯುವುದು, ಚೆನ್ನಾಗಿ ನುಡಿದುದನ್ನು ಕೆಡಿಸಿ ಬರೆಯುವುದು, ಅರ್ಥವನ್ನು ಸಂದಿಗ್ಧಗೊಳಿಸುವುದು: ಇವುಗಳಲ್ಲಿ ಯಾವುದನ್ನು ಮಾಡಿದರೂ ಆತನಿಗೆ ಪೂರ್ವಸಾಹಸವೆಂಬ ಮೊದಲ ದರ್ಜೆಯ ದಂಡ.

ಈ ಅಪರಾಧಗಳಲ್ಲಿ ಮೂರನೆಯದು ಬಹು ಸೂಕ್ಷ್ಮವಾದುದು. ಲಂಚ ತಿಂದು ಸುಳ್ಳು ಬರೆಯುವವನನ್ನು ಶಿಕ್ಷಿಸಬೇಕೆಂಬುದನ್ನು ಯಾರು ಬೇಕಾದರೂ ಹೇಳಿಯಾರು. ಆದರೆ ತಡವರಿಸಿದ ಸಾಕ್ಷಿಯ ಮಾತನ್ನು ಕನಿಕರದಿಂದಲೋ ಭಾಷಾಭಿಮಾನದಿಂದಲೋ ನೇರ್ಪಡಿಸಿ ಬರೆಯುವವನೂ ತಪ್ಪಿತಸ್ಥನೇ ಎಂದು ಹೇಳಬೇಕಾದರೆ, ನ್ಯಾಯಸ್ಥಾನದಲ್ಲಿ ತಡವರಿಕೆಗೂ ಒಂದು ಬೆಲೆಯುಂಟೆಂಬುದನ್ನು ಕಂಡುಕೊಂಡಿರಬೇಕು. ಮುಂದೆ ಎರಡು ಸಾವಿರ ವರ್ಷಗಳ ಕಾಲ ಬೇರೆಬೇರೆ ದೇಶಗಳ ನ್ಯಾಯಾಲಯಗಳು ಎಡವಿದುದೂ, ಇಂದಿಗೂ ಎಡವುತ್ತಿರುವುದೂ ಈ ಕಲ್ಲನ್ನೇ.

ಸ್ಮೃತಿಕಾರರೂ ಲೇಖಕನನ್ನು ಮರೆತವರಲ್ಲ. ಬೃಹಸ್ಪತಿಯು ನ್ಯಾಯಸಭೆಗೆ ಹತ್ತು ಅಂಗಗಳನ್ನು ಹೇಳುವಾಗ ರಾಜ, ಪ್ರಾಡ್ವಿವಾಕ, ಸಭ್ಯರು ಮೊದಲಾದವರ ಸಾಲಿನಲ್ಲಿ ಗಣಕನನ್ನೂ ಲೇಖಕನನ್ನೂ ಕೂಡಿಸುತ್ತಾನೆ. ನಮ್ಮ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ ವಿಜ್ಞಾನೇಶ್ವರನು ಮಿತಾಕ್ಷರೆಯನ್ನು ಬರೆದುದು ಯಾಜ್ಞವಲ್ಕ್ಯಸ್ಮೃತಿಗೆ ವ್ಯಾಖ್ಯಾನವಾಗಿ. ಆ ಸ್ಮೃತಿಯ ವ್ಯವಹಾರಾಧ್ಯಾಯದ ಪ್ರಕಾರ ವಾದಿಯು ಹೇಳಿದುದನ್ನು ಹೇಳಿದಂತೆಯೇ, ಪ್ರತಿವಾದಿಯ ಎದುರಿನಲ್ಲಿಯೇ, ವರ್ಷ ಮಾಸ ಪಕ್ಷ ದಿನಗಳನ್ನೂ ಹೆಸರು ಜಾತಿಗಳನ್ನೂ ಕಾಣಿಸಿ ಬರೆಯತಕ್ಕದ್ದು. ಮೊದಲು ಹಲಗೆಯ ಮೇಲೆ ಅಳಿಸಲು ಬರುವಂತೆ ಬರೆದು, ತಿದ್ದಿ ಶುದ್ಧಪಡಿಸಿದ ಮೇಲೆ ಪತ್ರಕ್ಕೆ ಏರಿಸಬೇಕೆಂಬ ಕ್ರಮವನ್ನು ಕಾತ್ಯಾಯನನು ಹೇಳಿದ್ದಾನೆ. ಒಂದನ್ನು ನುಡಿದರೆ ಇನ್ನೊಂದನ್ನು ಬರೆಯುವ ಲೇಖಕನನ್ನು ಕಳ್ಳನಂತೆ ದಂಡಿಸಬೇಕೆಂದು ಹೇಳಿದವನೂ ಅವನೇ. ಆದರೂ ಕಂಠಪತ್ರದಿಂದ ಓಲೆಯನ್ನು ಕೊರೆಯುವ ಕೈ ಎಷ್ಟು ಚುರುಕಾಗಿದ್ದರೂ ಆಡುವ ನಾಲಗೆಯ ಬೆನ್ನು ಹತ್ತಲಾರದು. ಸಾಕ್ಷಿಯ ಮಾತನ್ನು ಅಕ್ಷರಶಃ ಹಿಡಿಯಬೇಕೆಂಬ ಧರ್ಮ ನಮ್ಮಲ್ಲಿ ಹುಟ್ಟಿತು. ಹಿಡಿಯುವ ಉಪಾಯ ಹುಟ್ಟಿದುದು ಬೇರೆಡೆಯಲ್ಲಿ.

ಆ ಉಪಾಯದ ಮೊದಲ ಕುರುಹು ರೋಮಿನಲ್ಲಿದೆ. ಸಿಸೆರೋ ಎಂಬ ವಾಗ್ಮಿಯ ದಾಸನಾಗಿದ್ದು ಬಳಿಕ ಬಿಡುಗಡೆ ಹೊಂದಿದ ಟೈರೋ ಎಂಬವನ ಹೆಸರಿನಲ್ಲಿ ಸಂಕ್ಷೇಪಲಿಪಿಯೊಂದು ಬಳಕೆಗೆ ಬಂದು ಮಧ್ಯಯುಗದವರೆಗೂ ಉಳಿದಿತ್ತು. ಕ್ರಿ.ಪೂ. 63ರಲ್ಲಿ ಕ್ಯಾಟಿಲೈನನ ಒಳಸಂಚಿನ ವಿಷಯವಾಗಿ ಕೇಟೋ ಮಾಡಿದ ಭಾಷಣವನ್ನು ಸಭೆಯಲ್ಲಿ ಅಲ್ಲಲ್ಲಿ ಕುಳ್ಳಿರಿಸಿದ್ದ ಚುರುಕು ಬರಹಗಾರರು ಬರೆದುಕೊಂಡರೆಂದು ಪ್ಲುಟಾರ್ಕನು ಹೇಳುತ್ತಾನೆ. ಅಲ್ಲಿಂದ ಮುಂದಿನ ಹದಿನಾರು ಶತಮಾನಗಳನ್ನು ನಾವು ಒಂದೇ ಹೆಜ್ಜೆಗೆ ದಾಟಬಹುದು. 1588ರಲ್ಲಿ ತಿಮೊಥಿ ಬ್ರೈಟ್ ಎಂಬ ಇಂಗ್ಲಿಷ್ ವೈದ್ಯನು ತನ್ನ ಸಂಕೇತಲಿಪಿಯ ಪುಸ್ತಕವನ್ನು ಪ್ರಕಟಿಸಿ ಎಲಿಜಬೆತ್ ರಾಣಿಯಿಂದ ಸನ್ನದು ಪಡೆದನು. 1602ರಲ್ಲಿ ಜಾನ್ ವಿಲ್ಲಿಸ್ ಅಕ್ಷರಕ್ಕೊಂದು ಚಿಹ್ನೆಯ ಪದ್ಧತಿಯನ್ನು ತಂದನು. ಈ ವಿದ್ಯೆಗೆ ಆಗ ಗಿರಾಕಿಗಳಾದವರಲ್ಲಿ ವಕೀಲರಿಗಿಂತ ಹೆಚ್ಚಾಗಿ ಪಾದ್ರಿಗಳ ಪ್ರವಚನಗಳನ್ನು ಮನೆಗೆ ಒಯ್ಯಬಯಸುತ್ತಿದ್ದ ಭಕ್ತರಿದ್ದರು. ಸ್ಯಾಮ್ಯುಅಲ್ ಪೀಪ್ಸನು ತನ್ನ ದಿನಚರಿಯನ್ನು ಶೆಲ್ಟನ್ನನ ಶೀಘ್ರಲಿಪಿಯಲ್ಲಿ ಬರೆದುದು ಮಾತ್ರ ಭಕ್ತಿಗಾಗಿ ಅಲ್ಲವೆಂಬುದು ಓದಿದವರಿಗೆಲ್ಲ ತಿಳಿದೇ ಇದೆ.

ಈ ವಿದ್ಯೆ ಒಂದು ವೃತ್ತಿಯಾಗಿ, ನ್ಯಾಯಾಲಯದಲ್ಲಿ ಒಂದು ಸ್ಥಾನವನ್ನು ಪಡೆದುಕೊಂಡುದು ಲಂಡನ್ನಿನ ಓಲ್ಡ್ ಬೇಯ್ಲಿಯಲ್ಲಿ. ಆ ನ್ಯಾಯಾಲಯದ ವಿಚಾರಣೆಗಳ ವೃತ್ತಾಂತವನ್ನು ಸಣ್ಣ ಹೊತ್ತಗೆಗಳಾಗಿ ಅಚ್ಚುಮಾಡಿ ಮಾರುವ ಪದ್ಧತಿ 1674ರಲ್ಲಿ ಆರಂಭವಾಗಿ 1913ರವರೆಗೆ ನಡೆಯಿತು. ಮೊದಲು ಅವು ಜನರ ಕುತೂಹಲವನ್ನು ತಣಿಸುವ ಸರಕುಗಳಾಗಿದ್ದವು: ಯಾರು ಏನನ್ನು ಕದ್ದರು, ಯಾರು ಯಾರನ್ನು ಇರಿದರು, ಗಲ್ಲಿಗೆ ಹೋದವರಾರು ಎಂಬಿಷ್ಟನ್ನು ನಾಲ್ಕಾರು ಸಾಲುಗಳಲ್ಲಿ ಹೇಳಿ ಮುಗಿಸುತ್ತಿದ್ದರು. ಹದಿನೆಂಟನೆಯ ಶತಮಾನದ ಮಧ್ಯದ ವೇಳೆಗೆ ಥಾಮಸ್ ಗರ್ನಿ ಎಂಬವನು ಅಲ್ಲಿಯ ಶೀಘ್ರಲಿಪಿಕಾರನಾಗಿ ಕುಳಿತ ಮೇಲೆ ಈ ವೃತ್ತಾಂತಗಳ ಬಣ್ಣವೇ ಬದಲಾಯಿತು. ಗರ್ನಿಯ ಮೂಲ ಕಸುಬು ಗಡಿಯಾರ ಮಾಡುವುದು. ಎಳೆಯ ವಯಸ್ಸಿನಲ್ಲಿ ಜ್ಯೋತಿಷದ ಪುಸ್ತಕವೊಂದರ ಆಸೆಗಾಗಿ ಹರಾಜಿನಲ್ಲಿ ಪುಸ್ತಕಗಳ ಕಟ್ಟೊಂದನ್ನು ಕೊಂಡಾಗ ಅದರೊಳಗೆ ಮೇಸನ್ ಎಂಬವನ ಶೀಘ್ರಲಿಪಿಯ ಪುಸ್ತಕವಿತ್ತೆಂದೂ, ಅದೇ ಅವನ ಜೀವನಮಾರ್ಗವನ್ನು ತಿರುಗಿಸಿತೆಂದೂ ಹೇಳುವರು. ಜ್ಯೋತಿಷದಿಂದ ಅವನಿಗೆ ಅಷ್ಟು ಪ್ರಯೋಜನವಾದಂತೆ ತೋರುವುದಿಲ್ಲ. ಆ ಪದ್ಧತಿಯನ್ನು ಪರಿಷ್ಕರಿಸಿ 1750ರಲ್ಲಿ ತನ್ನ ಹೆಸರಿನಲ್ಲಿ ಪುಸ್ತಕವನ್ನು ಪ್ರಕಟಿಸಿದನು. ಅವನ ತರುವಾಯ ಮಗ ಜೋಸೆಫ್, ಆಮೇಲೆ ಮೊಮ್ಮಗ ವಿಲಿಯಂ ಬ್ರೋಡಿ ಗರ್ನಿ, ಹೀಗೆ ವಂಶಪಾರಂಪರ್ಯವಾಗಿ, ನಮ್ಮ ಊರುಗಳ ಶಾನುಭೋಗಿಕೆಯಂತೆ, ಆ ಲೇಖನಿ ಮನೆತನದಲ್ಲಿಯೇ ಉಳಿಯಿತು.

ಗರ್ನಿಯ ಬರೆವಣಿಗೆ ಎಷ್ಟರಮಟ್ಟಿಗೆ ಯಥಾವತ್ತಾಗಿತ್ತೆಂಬ ಪ್ರಶ್ನೆ ಒಮ್ಮೆ ನ್ಯಾಯಾಲಯದಲ್ಲಿಯೇ ಎದ್ದಿತು. ಎಲಿಜಬೆತ್ ಕ್ಯಾನಿಂಗ್ ಎಂಬ ಮನೆಗೆಲಸದ ಹುಡುಗಿಯು 1753ರಲ್ಲಿ ಸುಮಾರು ಒಂದು ತಿಂಗಳ ಕಾಲ ಕಣ್ಮರೆಯಾಗಿದ್ದು, ಹಿಂದಿರುಗಿ ಬಂದು, ತನ್ನನ್ನು ಇಬ್ಬರು ಹೆಂಗಸರು ಅಟ್ಟದಲ್ಲಿ ಕೂಡಿಹಾಕಿದ್ದರೆಂದು ಪ್ರಮಾಣ ಮಾಡಿ ಹೇಳಿದಳು. ಅವರಲ್ಲಿ ಒಬ್ಬಳಿಗೆ ಮರಣದಂಡನೆ ವಿಧಿಸಿದ ಮೇಲೆ ಸಂಶಯ ಬಂದು, ಆಕೆಗೆ ಕ್ಷಮೆ ದೊರೆತು, 1754ರಲ್ಲಿ ಕ್ಯಾನಿಂಗಳ ಮೇಲೆಯೇ ಸುಳ್ಳುಸಾಕ್ಷ್ಯದ ಮೊಕದ್ದಮೆ ನಡೆಯಿತು. ಹುಡುಗಿ ಮೊದಲ ವಿಚಾರಣೆಯಲ್ಲಿ ನಿಜವಾಗಿ ಏನು ನುಡಿದಿದ್ದಳು? ಅದನ್ನು ರುಜುಪಡಿಸಲು ಗರ್ನಿಯನ್ನೇ ಸಾಕ್ಷಿಯ ಕಟಕಟೆಗೆ ಕರೆಸಲಾಯಿತು. ಅರ್ಥವಾಗದ ಪ್ರತಿಯೊಂದು ಮಾತನ್ನೂ ತಾನು ಬರೆದುಕೊಳ್ಳುವುದಿಲ್ಲವೆಂದೂ, ಮೊದಲು ಬಂದ ಉತ್ತರ ಅಪೂರ್ಣವಾಗಿದ್ದು ಅದೇ ಪ್ರಶ್ನೆಗೆ ಮತ್ತೆ ಬಂದ ಉತ್ತರ ಹೆಚ್ಚು ಸ್ಪಷ್ಟವಾಗಿದ್ದರೆ ಆ ಎರಡನೆಯದನ್ನೇ ಸರಿಯಾದ ಸಾಕ್ಷ್ಯವೆಂದು ಹಿಡಿಯುವೆನೆಂದೂ ಆತನು ಪ್ರಾಮಾಣಿಕವಾಗಿ ಒಪ್ಪಿಕೊಂಡನು. ಕೌಟಿಲ್ಯನ ಸಭೆಯಲ್ಲಿದ್ದಿದ್ದರೆ ಆ ಒಪ್ಪಿಗೆಗೆ ದಂಡ ತೆರಬೇಕಾಗುತ್ತಿತ್ತು. ಆಗಿನ ಲಂಡನ್ನಿನಲ್ಲಿ ಅದನ್ನು ಯಾರೂ ದೊಡ್ಡ ದೋಷವೆಂದು ಎಣಿಸಲಿಲ್ಲ. ಆದರೆ ಮರಣದಂಡನೆ ಹೊಂದಿದವರ ವಿಷಯವನ್ನು ನಗರದ ರೆಕಾರ್ಡರ್ ಎಂಬ ನ್ಯಾಯಾಧಿಕಾರಿಯು ಅರಸನಿಗೆ ಅರಿಕೆ ಮಾಡುವಾಗ ಈ ವೃತ್ತಾಂತಗಳಿಗೆ ಬೆಲೆ ಬರತೊಡಗಿತು. 1778ರಲ್ಲಿ ನಗರಸಭೆಯು ಪ್ರತಿಯೊಂದು ವಿಚಾರಣೆಯ ವೃತ್ತಾಂತವೂ ಸತ್ಯವಾಗಿಯೂ ಪೂರ್ಣವಾಗಿಯೂ ಇರತಕ್ಕದ್ದೆಂದು ಕಟ್ಟು ಮಾಡಿತು. ಲೇಖಕನು ಬಿಟ್ಟ ಒಂದು ಮಾತಿನಿಂದ ಒಬ್ಬನ ಕೊರಳಿಗೆ ಹಗ್ಗ ಬೀಳಬಹುದೆಂಬ ಅರಿವು ಹೀಗೆ ತಡವಾಗಿ ಮೂಡಿತು.

ಗರ್ನಿ ಮನೆತನದ ಕೀರ್ತಿಗೆ ಶಿಖರಪ್ರಾಯವಾದುದು ಭರತಖಂಡಕ್ಕೆ ಸಂಬಂಧಪಟ್ಟ ಒಂದು ಮೊಕದ್ದಮೆ. ಬಂಗಾಳದ ಗವರ್ನರ್ ಜನರಲ್ ಆಗಿದ್ದ ವಾರನ್ ಹೇಸ್ಟಿಂಗ್ಸನ ಮೇಲೆ ವೆಸ್ಟ್‌ಮಿನ್‌ಸ್ಟರ್ ಸಭಾಭವನದಲ್ಲಿ 1788ರ ಫೆಬ್ರವರಿಯಲ್ಲಿ ಆರಂಭವಾದ ವಿಚಾರಣೆಯು 1795ರ ಏಪ್ರಿಲ್ ವರೆಗೆ ನಡೆದು ಆತನ ಬಿಡುಗಡೆಯಲ್ಲಿ ಮುಗಿಯಿತು. ಬರ್ಕ್, ಶೆರಿಡನ್ ಮೊದಲಾದವರ ದಿನಗಟ್ಟಲೆಯ ವಾಗ್ಧಾರೆಯನ್ನು ಗರ್ನಿಯವರು ಹಿಡಿದಿಟ್ಟುದರಿಂದಲೇ ಮುಂದೆ 1859ರಿಂದ 1861ರ ವರೆಗೆ ಅವು ನಾಲ್ಕು ಸಂಪುಟಗಳಾಗಿ ಹೊರಬರಲು ಸಾಧ್ಯವಾಯಿತು. ಭರತಖಂಡದ ಪ್ರಜೆಗಳಿಗಾದ ಅನ್ಯಾಯವನ್ನು ಕುರಿತು ಇಂಗ್ಲೆಂಡಿನಲ್ಲಿ ಆಡಿದ ಮಾತು ಮಾತೂ ಉಳಿಯಿತು. ಆ ಪ್ರಜೆಗಳು ತಮ್ಮ ನೆಲದ ನ್ಯಾಯಾಲಯಗಳಲ್ಲಿ ಆಡಿದ ಮಾತನ್ನು ಹಾಗೆ ಹಿಡಿದಿಡುವವರು ಇರಲಿಲ್ಲ.

ಗರ್ನಿಯ ಪದ್ಧತಿಯನ್ನು ಕಲಿತವರಲ್ಲಿ ಚಾರ್ಲ್ಸ್ ಡಿಕನ್ಸನೂ ಒಬ್ಬನು. ಹದಿಹರೆಯದಲ್ಲಿ ಅದನ್ನು ಸಾಧಿಸಿ ಲಂಡನ್ನಿನ ಡಾಕ್ಟರ್ಸ್ ಕಾಮನ್ಸ್ ನ್ಯಾಯಸ್ಥಾನಗಳಲ್ಲಿ ವರದಿ ಬರೆಯುವ ಕೆಲಸಕ್ಕೆ ನಿಂತವನು ಮುಂದೆ ಡೇವಿಡ್ ಕಾಪರ್‌ಫೀಲ್ಡ್ ಕಾದಂಬರಿಯಲ್ಲಿ ಆ ಚುಕ್ಕೆ ಗೆರೆಗಳೊಡನೆ ತಾನು ಪಟ್ಟ ಪಾಡನ್ನು ನಾಯಕನ ತಲೆಗೆ ಕಟ್ಟಿದ್ದಾನೆ. ಗರ್ನಿಯ ಲಿಪಿಯಲ್ಲಿ ಸ್ವರಗಳಿಗೆ ಬಹುಮಟ್ಟಿಗೆ ಸ್ಥಾನವಿರಲಿಲ್ಲ. ಬರೆದವನೇ ನೆನಪಿನ ಬಲದಿಂದ ಓದಬೇಕಾಗಿತ್ತು. ಈ ಕುಂದನ್ನು ನೀಗಿದವನು ಐಸಾಕ್ ಪಿಟ್‌ಮನ್. 1837ರಲ್ಲಿ ಆತನು ಪ್ರಕಟಿಸಿದ ಪದ್ಧತಿ ಕಾಗುಣಿತವನ್ನು ಬಿಟ್ಟು ಧ್ವನಿಯನ್ನು ಹಿಡಿಯಿತು. ಪಕಾರಕ್ಕೆ ತೆಳುವಾದ ಓರೆಗೆರೆ, ಬಕಾರಕ್ಕೆ ಅದೇ ಗೆರೆ ದಪ್ಪವಾಗಿ. ತಕಾರಕ್ಕೆ ತೆಳುವಾದ ನಿಲುಗೆರೆ, ದಕಾರಕ್ಕೆ ಅದೇ ದಪ್ಪವಾಗಿ. ಸ್ವರಗಳಿಗೆ ಚುಕ್ಕೆ, ಕಿರುಗೆರೆ, ಅವು ನಿಂತ ಸ್ಥಾನದಿಂದ ಅರ್ಥಭೇದ. ನಮ್ಮ ವರ್ಣಮಾಲೆಯನ್ನು ಬಾಯಿಪಾಠ ಮಾಡಿದ ಬಾಲಕನಿಗೆ ಅಲ್ಪಪ್ರಾಣ ವರ್ಗಗಳ ಈ ಜೋಡಣೆ ಹೊಸದಾಗಿ ತೋರಲಾರದು. ಬೆಂಗಳೂರು ಮೈಸೂರುಗಳಲ್ಲಿ ಹೋಟಲಿನ ಮಹಡಿಯ ಮೇಲೋ ಗುಡಿಯ ಬೀದಿಯಲ್ಲೋ ಇರುತ್ತಿದ್ದ ಟೈಪಿಂಗ್ ಇನ್‌ಸ್ಟಿಟ್ಯೂಟುಗಳಲ್ಲಿ ಮೂರು ನಾಲ್ಕು ತಲೆಮಾರಿನ ಹುಡುಗರು ಹುಡುಗಿಯರು ಕಲಿತ ಶಾರ್ಟ್‌ಹ್ಯಾಂಡ್ ಇದೇ.

ಇಂಗ್ಲೆಂಡಿನಲ್ಲಿ ಶೀಘ್ರಲಿಪಿಕಾರನಿಗೆ ಶಾಸನದ ಬೆಂಬಲ ಬಂದುದು ಒಂದು ಘೋರ ಪ್ರಮಾದದ ಫಲವಾಗಿ. ಅಡಾಲ್ಫ್ ಬೆಕ್ ಎಂಬ ನಿರಪರಾಧಿಯು ಬೇರೊಬ್ಬ ವಂಚಕನೆಂದು ತಪ್ಪಾಗಿ ಗುರುತಿಸಲ್ಪಟ್ಟು 1896ರಲ್ಲಿ ಸೆರೆಮನೆಗೆ ಹೋಗಿ, 1904ರಲ್ಲಿ ಮತ್ತೊಮ್ಮೆ ಅದೇ ಬಗೆಯಲ್ಲಿ ಅಪರಾಧಿಯೆನಿಸಿದ ಮೇಲೆ ನಿಜವಾದ ವಂಚಕನು ಸಿಕ್ಕಿಬಿದ್ದನು. ಇದರಿಂದಾದ ಕೋಲಾಹಲದ ಬೆನ್ನಲ್ಲೇ 1907ರ ಶಾಸನದಿಂದ ಕ್ರಿಮಿನಲ್ ಅಪೀಲು ನ್ಯಾಯಾಲಯ ಸ್ಥಾಪನೆಯಾಯಿತು. ಅಪೀಲು ಕೇಳುವವರ ಮುಂದೆ ಮೊದಲ ವಿಚಾರಣೆಯ ನೈಜಚಿತ್ರವಿರಬೇಕಾದುದರಿಂದ, ದೋಷಾರೋಪಣೆಯ ಮೇಲೆ ನಡೆಯುವ ವಿಚಾರಣೆಗಳನ್ನು ಶೀಘ್ರಲಿಪಿಯಲ್ಲಿ ಬರೆದಿಡತಕ್ಕದ್ದೆಂದು ಆ ಶಾಸನವೇ ವಿಧಿಸಿತು. ಅಮೆರಿಕೆಯವರು ಕೈಬರಹವನ್ನೂ ಬಿಟ್ಟು ಯಂತ್ರವನ್ನು ಹಿಡಿದರು. 1879ರಲ್ಲಿ ಮೈಲ್ಸ್ ಬಾರ್ಥೊಲೊಮ್ಯೂ ಒಂದು ಯಂತ್ರವನ್ನು ಮಾಡಿದನು. ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ವಾರ್ಡ್ ಸ್ಟೋನ್ ಐರ್ಲೆಂಡ್ ಎಂಬ ನ್ಯಾಯಾಲಯದ ವರದಿಗಾರನೇ ಸ್ಟೆನೊಟೈಪ್ ಎಂಬುದನ್ನು ರೂಪಿಸಿದನು. ಅದರಲ್ಲಿ ಟೈಪ್‌ರೈಟರಿನಂತೆ ಒಂದೊಂದೇ ಅಕ್ಷರವನ್ನು ಕುಟ್ಟುವುದಿಲ್ಲ. ಹಲವು ಕೀಲಿಗಳನ್ನು ಏಕಕಾಲದಲ್ಲಿ ಒತ್ತಿದಾಗ ಒಂದು ಉಚ್ಚಾರಾಂಶವೇ ಕಾಗದದ ಪಟ್ಟಿಯ ಮೇಲೆ ಮೂಡುತ್ತದೆ. ನಿಮಿಷಕ್ಕೆ 225 ಶಬ್ದಗಳ ವೇಗವನ್ನು ಆ ವೃತ್ತಿಯವರು ಅರ್ಹತೆಯ ಅಳತೆಯಾಗಿ ಇಟ್ಟುಕೊಂಡಿದ್ದಾರೆ. 1944ರ ಶಾಸನದಿಂದ ಅಲ್ಲಿಯ ಕೇಂದ್ರ ನ್ಯಾಯಾಲಯಗಳಲ್ಲಿ ಈ ವರದಿಗಾರರು ಸಂಬಳದ ಅಧಿಕಾರಿಗಳಾದರು. ಇಂತಹ ವರದಿಗಾರನು ನ್ಯಾಯಾಧೀಶನ ಮಾತನ್ನೂ ವಕೀಲನ ಮಾತನ್ನೂ ಅಪರಾಧಿಯ ಮಾತನ್ನೂ ಒಂದೇ ವೇಗದಲ್ಲಿ, ಒಂದೇ ನಿರ್ಲಿಪ್ತತೆಯಿಂದ ಬರೆಯುವನು. ಒಂದೇ ಸಲಕ್ಕೆ ಇಬ್ಬರು ಮಾತಾಡಿದರೆ, ನ್ಯಾಯಾಧೀಶನೇ ಆಗಲಿ, ತಡೆದು ನಿಲ್ಲಿಸುವನು. ಈ ಸ್ವಾತಂತ್ರ್ಯವೇ ಆ ವೃತ್ತಿಯ ಪ್ರಾಣ.

ಇನ್ನು ನಮ್ಮ ದೇಶದ ಮಾತು. ಇಂಗ್ಲಿಷರು ಇಲ್ಲಿಗೆ ತಮ್ಮ ನ್ಯಾಯಪದ್ಧತಿಯನ್ನು ತಂದರು, ಗರ್ನಿಯನ್ನು ತರಲಿಲ್ಲ. ಅವನ ಲೇಖನಿಯನ್ನು ನ್ಯಾಯಾಧೀಶನ ಕೈಗೇ ಕೊಟ್ಟರು. 1898ರ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯ ಪ್ರಕಾರ ಸಾಕ್ಷಿಯ ಹೇಳಿಕೆಯನ್ನು ನ್ಯಾಯಾಲಯದ ಭಾಷೆಯಲ್ಲಿ ನ್ಯಾಯಾಧೀಶನು ತಾನೇ ಬರೆಯಬೇಕಾಗಿತ್ತು, ಇಲ್ಲವೆ ತನ್ನ ಸಮಕ್ಷಮದಲ್ಲಿ, ತನ್ನ ಮೇಲ್ವಿಚಾರಣೆಯಲ್ಲಿ ಬರೆಯಿಸಬೇಕಾಗಿತ್ತು. ಬರೆಯಿಸಿದ ಪಕ್ಷದಲ್ಲಿ ಹೇಳಿಕೆಯ ಸಾರಾಂಶವನ್ನು ತಾನೂ ಕೂಡಲೇ ಟಿಪ್ಪಣಿ ಮಾಡಿಕೊಳ್ಳಬೇಕಾಗಿತ್ತು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಹದಿನೆಂಟನೆಯ ಆದೇಶವೂ ಇದೇ ಹಾದಿಯದು. ಎರಡರಲ್ಲಿಯೂ ಇನ್ನೊಂದು ವಿಧಿಯಿತ್ತು: ಹೇಳಿಕೆಯನ್ನು ಸಾಮಾನ್ಯವಾಗಿ ಪ್ರಶ್ನೋತ್ತರ ರೂಪದಲ್ಲಿ ಬರೆಯಬಾರದು, ನಿರೂಪಣೆಯ ರೂಪದಲ್ಲಿ ಬರೆಯಬೇಕು. ಹೀಗಾಗಿ ಧಾರವಾಡ, ಬಳ್ಳಾರಿ, ದಕ್ಷಿಣ ಕನ್ನಡಗಳ ಜಿಲ್ಲಾ ನ್ಯಾಯಾಲಯಗಳಲ್ಲಿ ಗುಮಾಸ್ತನು ದೇಶಭಾಷೆಯಲ್ಲಿ ಬರೆದ ಹೇಳಿಕೆ ಒಂದು, ದೊರೆಗಳು ಇಂಗ್ಲಿಷಿನಲ್ಲಿ ಮಾಡಿಕೊಂಡ ಟಿಪ್ಪಣಿ ಇನ್ನೊಂದು ಎಂಬ ಜೋಡಿ ದಾಖಲೆಗೆ ಅವಕಾಶವಾಯಿತು. ಇವೆರಡೂ ಒಂದನ್ನೊಂದು ಹೋಲದಿದ್ದಾಗ ಅಪೀಲಿನ ವಕೀಲರಿಗೆ ಹಬ್ಬ.

ಈ ಪದ್ಧತಿ ಹೇಗೆ ನಡೆಯುತ್ತದೆಂಬುದನ್ನು ಯಾವುದಾದರೂ ತಾಲ್ಲೂಕಿನ ನ್ಯಾಯಾಲಯದ ಹಿಂದಿನ ಬೆಂಚಿನಲ್ಲಿ ಅರ್ಧ ಗಂಟೆ ಕುಳಿತು ನೋಡಬಹುದು. ಪಾಟೀಸವಾಲು ನಡೆದಿದೆ. ‘ಆವತ್ತು ಸಂಜೆ ನೀನು ಸಂತೆಗೆ ಹೋಗಿದ್ದೆ ಅಲ್ವೇನಯ್ಯಾ?’ ಎಂದು ವಕೀಲರು ಕೇಳುತ್ತಾರೆ. ಸಾಕ್ಷಿ ತಲೆ ಕೆರೆದುಕೊಂಡು, ‘ಹೋಗಿದ್ದೆ ಸ್ವಾಮಿ, ಆದ್ರೆ ದೀಪ ಹಚ್ಚೋ ಹೊತ್ಗೆ ಬಂದ್ಬಿಟ್ಟಿದ್ದೆ ಅನ್ಸುತ್ತೆ’ ಎನ್ನುತ್ತಾನೆ. ನ್ಯಾಯಾಧೀಶರು ಬೆರಳಚ್ಚುಗಾರನ ಕಡೆಗೆ ತಿರುಗಿ ಹೇಳುತ್ತಾರೆ: ‘ಆ ದಿನ ಸಂಜೆ ನಾನು ಸಂತೆಗೆ ಹೋಗಿದ್ದೆನು ಎಂದರೆ ಸರಿ. ಕತ್ತಲಾಗುವ ಮುಂಚೆ ಮರಳಿ ಬಂದಿದ್ದೆನು.’ ವಕೀಲರ ಪ್ರಶ್ನೆ ಮಾಯವಾಯಿತು; ‘ಅನ್ಸುತ್ತೆ’ ಎಂಬುದೂ ಅದರೊಡನೆ ಹೋಯಿತು; ತಲೆ ಕೆರೆದುಕೊಂಡುದಂತೂ ಯಾವ ಲಿಪಿಗೂ ಸಿಕ್ಕುವಂತಹದಲ್ಲ. ಸಾಕ್ಷಿಯ ನಡವಳಿಕೆಯ ವಿಷಯದಲ್ಲಿ ತನಗೆ ಮುಖ್ಯವೆಂದು ತೋರಿದುದನ್ನು ನ್ಯಾಯಾಧೀಶನು ಬರೆದಿಡಬಹುದೆಂದು ಸಂಹಿತೆಗಳು ಹೇಳುತ್ತವೆಯಾದರೂ, ದಿನಕ್ಕೆ ಹತ್ತಾರು ಮೊಕದ್ದಮೆಗಳನ್ನು ಕೂಗುವ ಕಡೆ ಅಷ್ಟು ವ್ಯವಧಾನವೆಲ್ಲಿಯದು? ಕೊನೆಯಲ್ಲಿ, ‘ನಾನು ಸುಳ್ಳು ಸಾಕ್ಷ್ಯ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ’ ಎಂಬ ಸನಾತನ ವಾಕ್ಯ. ಕರ್ಣಾಟಕದಲ್ಲಿ ಸಾಕ್ಷಿ ನುಡಿದ ಒಕ್ಕಲಿಗ, ಅಕ್ಕಸಾಲಿ, ಮೇಷ್ಟರು, ಬಸ್ಸಿನ ಕಂಡಕ್ಟರು ಎಲ್ಲರೂ ಒಂದೇ ಶೈಲಿಯಲ್ಲಿ ಮಾತಾಡಿದಂತೆ ಕಾಗದಪತ್ರಗಳಲ್ಲಿ ಕಾಣುವುದಕ್ಕೆ ಇದೇ ಕಾರಣ. ಆ ಶೈಲಿ ಅವರಾರದೂ ಅಲ್ಲ.

ಬರೆದುದನ್ನು ಸಾಕ್ಷಿಗೆ ಓದಿ ಹೇಳಿ, ಸರಿಯೆಂದು ಒಪ್ಪಿಸಿ, ರುಜು ಹಾಕಿಸುವ ನಿಯಮವೇನೋ ಇದೆ. ಅದರ ಪಾಡು ಏನಾಗಿತ್ತೆಂಬುದಕ್ಕೆ ರಂಗೂನಿನಿಂದ ಪ್ರಿವಿ ಕೌನ್ಸಿಲಿಗೆ ಹೋಗಿ 1927ರಲ್ಲಿ ತೀರ್ಮಾನವಾದ ಅಬ್ದುಲ್ ರಹಮಾನನ ಮೊಕದ್ದಮೆಯೇ ಸಾಕ್ಷಿ. ಅಲ್ಲಿ ಒಂದು ಕಡೆ ಮುಂದಿನ ವಿಚಾರಣೆ ನಡೆಯುತ್ತಿರುವಾಗಲೇ ಇನ್ನೊಂದು ಕಡೆ ಹಿಂದಿನ ಸಾಕ್ಷಿಗಳಿಗೆ ಅವರ ಹೇಳಿಕೆಯನ್ನು ಓದಿ ಹೇಳಲಾಗಿತ್ತು. ಕೆಲವರ ಕೈಗೆ ಕಾಗದವನ್ನೇ ಕೊಟ್ಟು ಓದಿಕೊಳ್ಳುವಂತೆ ಹೇಳಲಾಗಿತ್ತು. ಇದು ಕ್ರಮಲೋಪವೇ ಹೊರತು ವಿಚಾರಣೆಯನ್ನೇ ಕೆಡಿಸುವ ದೋಷವಲ್ಲವೆಂದು ಪ್ರಿವಿ ಕೌನ್ಸಿಲ್ ತೀರ್ಪಿತ್ತಿತು. ಆ ತೀರ್ಪು ನ್ಯಾಯವಾದುದೇ ಇರಬಹುದು. ಆದರೆ ಓದಿ ಹೇಳುವ ಶಾಸ್ತ್ರ ಅಂದಿನಿಂದ ಇನ್ನಷ್ಟು ಸಡಿಲವಾಗಿರಬೇಕೆಂದು ನನ್ನ ಊಹೆ.

ಶೀಘ್ರಲಿಪಿ ಈ ದೇಶದ ನ್ಯಾಯಚರಿತ್ರೆಯಲ್ಲಿ ಬೆಳಕಿಗೆ ಬಂದುದು ಮುಖ್ಯವಾಗಿ ರಾಜದ್ರೋಹದ ಮೊಕದ್ದಮೆಗಳಲ್ಲಿ. 1908ರ ಜುಲೈ ತಿಂಗಳಲ್ಲಿ ಮುಂಬಯಿ ಹೈಕೋರ್ಟಿನಲ್ಲಿ ನ್ಯಾಯಮೂರ್ತಿ ದಾವರ್ ಅವರ ಮುಂದೆ ಲೋಕಮಾನ್ಯ ತಿಲಕರು ತಮ್ಮ ವಾದವನ್ನು ತಾವೇ ಮಾಡುತ್ತ ಇಪ್ಪತ್ತೊಂದು ಗಂಟೆಗೂ ಮೇಲ್ಪಟ್ಟು ಜ್ಯೂರಿಯನ್ನು ಸಂಬೋಧಿಸಿದರು. ಅದರ ಪ್ರತಿಯೊಂದು ಮಾತನ್ನೂ ಒಳಗೊಂಡ ಅಧಿಕೃತ ವರದಿಯನ್ನು ಅದೇ ವರ್ಷ ಪ್ರಕಟಿಸಿದವರು ಸರಕಾರದವರಲ್ಲ, ತಿಲಕರ ಅನುಯಾಯಿ ನರಸಿಂಹ ಚಿಂತಾಮಣಿ ಕೇಳ್ಕರರು. 1916ರಲ್ಲಿ ಪಾತ್ರಗಳು ಅದಲುಬದಲಾದವು. ಆ ವರ್ಷ ಮೇ ತಿಂಗಳಲ್ಲಿ ನಮ್ಮ ಬೆಳಗಾವಿಯಲ್ಲಿಯೂ, ಬಳಿಕ ಅಹಮದನಗರದಲ್ಲಿಯೂ ತಿಲಕರು ಸ್ವರಾಜ್ಯದ ವಿಷಯವಾಗಿ ಮರಾಠಿಯಲ್ಲಿ ಮಾಡಿದ ಭಾಷಣಗಳನ್ನು ಪೊಲೀಸರ ಕಡೆಯ ಶೀಘ್ರಲಿಪಿಕಾರರು ಬರೆದುಕೊಂಡರು. ಅದರ ಆಧಾರದ ಮೇಲೆ ಪುಣೆಯ ಮ್ಯಾಜಿಸ್ಟ್ರೇಟನು ಇಪ್ಪತ್ತು ಸಾವಿರ ರೂಪಾಯಿಗಳ ಮುಚ್ಚಳಿಕೆಯನ್ನು ಕೇಳಿದನು. ಹೈಕೋರ್ಟು ಭಾಷಣಗಳನ್ನು ಬಿಡಿ ವಾಕ್ಯಗಳಾಗಿ ನೋಡದೆ ಸಮಗ್ರವಾಗಿ ನೋಡಬೇಕೆಂದು ಹೇಳಿ ಆ ಆಜ್ಞೆಯನ್ನು ತಳ್ಳಿಹಾಕಿತು. ಪೂರ್ತಿಯಾಗಿ ಬರೆದುಕೊಂಡುದರಿಂದ ಆಪಾದಿತನಿಗೇ ಅನುಕೂಲವಾಯಿತೆಂಬುದು ಆ ಪೊಲೀಸರು ನಿರೀಕ್ಷಿಸಿದ ಫಲವಾಗಿರಲಾರದು.

ಮೈಸೂರು ಸಂಸ್ಥಾನದಲ್ಲಿ 1884ರಲ್ಲಿ ಚೀಫ್ ಕೋರ್ಟು ಸ್ಥಾಪನೆಯಾಗಿ 1930ರಲ್ಲಿ ಹೈಕೋರ್ಟೆನಿಸಿತು. ಅಠಾರ ಕಚೇರಿಯ ಕೆಂಪು ಕಟ್ಟಡದೊಳಗೆ ನೋಟ್‌ಬುಕ್ಕಿನ ಹಾಳೆಯ ಕೆಳಮೂಲೆಯನ್ನು ಎಡಗೈ ಹೆಬ್ಬೆರಳಿನಿಂದ ಎತ್ತಿ ಹಿಡಿದು, ಬಲಗೈಯ ಪೆನ್ಸಿಲು ಕೊನೆಯ ಸಾಲಿಗೆ ಬರುವಷ್ಟರಲ್ಲಿ ಸದ್ದಿಲ್ಲದೆ ಮಗುಚುವ ಸ್ಟೆನೋಗ್ರಾಫರ್ ನ್ಯಾಯಾಲಯಗಳ ಗೌರವಾನ್ವಿತ ಚಹರೆಯಾದನು. ಅವನ ಪ್ರಾವೀಣ್ಯದಲ್ಲಿ ಕುಂದೇನೂ ಇಲ್ಲ. ಆದರೆ ಅವನು ಬರೆಯುವುದು ನ್ಯಾಯಾಧೀಶರ ಉಕ್ತಲೇಖನವನ್ನು. ಸಾಕ್ಷಿಯು ಅವನ ಕಿವಿಗೆ ನೇರವಾಗಿ ಬಿದ್ದರೂ ಅವನ ಕೈಗೆ ನೇರವಾಗಿ ಬರುವಂತಿಲ್ಲ. ಹೇಳಿಕೆಯ ಅಡಿಯಲ್ಲಿ ‘ತೆರೆದ ನ್ಯಾಯಾಲಯದಲ್ಲಿ ನಾನು ಹೇಳಿದಂತೆ ಬೆರಳಚ್ಚು ಮಾಡಲಾಯಿತು’ ಎಂದು ನ್ಯಾಯಾಧೀಶರು ಹಾಕುವ ಷರಾ ಸತ್ಯವನ್ನೇ ಹೇಳುತ್ತದೆ.

ಈಚಿನ ಬದಲಾವಣೆಗಳು ಎರಡು ದಿಕ್ಕಿಗೆ ಎಳೆಯುತ್ತಿವೆ. 2002ರ ತಿದ್ದುಪಡಿಯಿಂದ ಸಿವಿಲ್ ದಾವೆಗಳಲ್ಲಿ ಮುಖ್ಯ ವಿಚಾರಣೆಯೇ ಪ್ರಮಾಣಪತ್ರದ ರೂಪಕ್ಕೆ ಇಳಿದು, ಸಾಕ್ಷಿಯ ಮೊದಲ ಮಾತು ವಕೀಲರ ಕಚೇರಿಯಲ್ಲಿಯೇ ಸಿದ್ಧವಾಗಿ ಬರುತ್ತದೆ. ಇತ್ತ 2008ರ ತಿದ್ದುಪಡಿಯು ಕ್ರಿಮಿನಲ್ ವಿಚಾರಣೆಗಳಲ್ಲಿ ಸಾಕ್ಷ್ಯವನ್ನು ಧ್ವನಿ ಮತ್ತು ದೃಶ್ಯಗಳ ಮೂಲಕ ದಾಖಲಿಸಲು ಅವಕಾಶ ಕೊಟ್ಟಿತು. 2023ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠದ ಮುಂದಿನ ವಾದವನ್ನು ಯಂತ್ರವೇ ಆಲಿಸಿ ಅಕ್ಷರಕ್ಕೆ ಇಳಿಸಿತು. ಆದರೆ ಸರ್ವೋಚ್ಚ ನ್ಯಾಯಾಲಯದಲ್ಲಿ ಮಾತಾಡುವವರು ಹಿರಿಯ ವಕೀಲರು, ಮಾತು ಇಂಗ್ಲಿಷ್. ಅವರ ವಾದವನ್ನು ಹಿಡಿದಿಡದಿದ್ದರೂ ಲೋಕಕ್ಕೆ ಮಹಾನಷ್ಟವಿಲ್ಲ. ಸಾಕ್ಷಿಗಳು ಬಂದು ನಿಲ್ಲುವುದು ತಾಲ್ಲೂಕು ಜಿಲ್ಲಾ ನ್ಯಾಯಾಲಯಗಳಲ್ಲಿ, ಮಾತಾಡುವುದು ಕುಂದಾಪುರದ, ಚಾಮರಾಜನಗರದ, ಬೀದರಿನ ಕನ್ನಡದಲ್ಲಿ.

ಆದುದರಿಂದ ಹೊಸ ಲೇಖಕನನ್ನು, ಆತ ಮನುಷ್ಯನಾಗಿರಲಿ ಯಂತ್ರವಾಗಿರಲಿ, ಮೊದಲು ಇರಿಸಬೇಕಾದುದು ಸೆಷನ್ಸ್ ನ್ಯಾಯಾಲಯದ ಸಾಕ್ಷಿಯ ಕಟಕಟೆಯ ಪಕ್ಕದಲ್ಲಿ; ಆತನು ಬರೆಯಬೇಕಾದುದು ಪ್ರಶ್ನೆ ಮತ್ತು ಉತ್ತರ ಎರಡನ್ನೂ, ಸಾಕ್ಷಿಯ ನುಡಿಯಲ್ಲಿಯೇ. ಇದಕ್ಕೆ ಹೊಸ ಶಾಸನಕ್ಕಾಗಿ ಕಾಯಬೇಕಾದುದೂ ಇಲ್ಲ. ಯಾವ ಪ್ರಶ್ನೆಯನ್ನಾದರೂ ಅದರ ಉತ್ತರವನ್ನಾದರೂ ಅದೇ ರೂಪದಲ್ಲಿ ಬರೆಯಿಸಿಕೊಳ್ಳುವ ಅಧಿಕಾರ 1908ರಿಂದಲೂ ಸಿವಿಲ್ ನ್ಯಾಯಾಧೀಶರ ಕೈಯಲ್ಲಿದೆ. ಕ್ರಿಮಿನಲ್ ಸಂಹಿತೆಯಲ್ಲಿಯೂ ಆ ವಿವೇಚನೆಗೆ ಸ್ಥಳವುಂಟು. ವಕೀಲರು ಎದ್ದುನಿಂತು ಅದನ್ನು ಕೇಳಿದರೆ ಸಾಕು.